ಎಣ್ಣೆ, ನೀರು ಮತ್ತು ನಡುವಿನ ಗಡಿ



ನಮ್ಮ ಮಿರಜ ತಾಲೂಕಿನ ಮಾಲಗಾಂವ, ಬೇಡಗ, ಆರಗದ ಕಡೆ ಎಲೆಬಳ್ಳಿ ತೋಟ ಬಹಳ. ಬಳ್ಳಿಗೆ ಹುಳ ಬಿದ್ದಾಗ ಬೇವಿನ ಎಣ್ಣೆ ಹೊಡೀತೀವಿ. ಬರೇ ನೀರಿಗೆ ಎಣ್ಣೆ ಸುರಿದರ ಏನಾಗ್ತೈತಿ? ಎಣ್ಣೆ ಮೇಲೆ ತೇಲುತ್ತದೆ. ಪಂಪಿನಿಂದ ಮೊದಲು ನೀರು ಬರುತ್ತದೆ, ಕೊನೆಗೆ ದಪ್ಪ ಎಣ್ಣೆ ಬರುತ್ತದೆ. ಮೊದಲ ಸಾಲಿನ ಹುಳ ಸಾಯೂದಿಲ್ಲ. ಕೊನೆ ಸಾಲಿನ ಎಲೆ ಸುಡುತ್ತದೆ. ಸುಟ್ಟ ಎಲೆ ಯಾರು ಕೊಳ್ತಾರ?

ನೀರಿನ ಕಣಗಳಿಗೆ ತಮ್ಮ ತಮ್ಮಲ್ಲೇ ಸೆಳೆತ ಹೆಚ್ಚು. ಎಣ್ಣೆಯನ್ನು ಅವು ಒಳಗೆ ಬಿಡುವುದಿಲ್ಲ. ಎರಡರ ನಡುವಿನ ಗಡಿಯಲ್ಲಿ ಒಂದು ಬಿಗಿತ ಇರುತ್ತದೆ. ಇದು ಮೇಲ್ಮೈ ಎಳೆತದ ಒಂದು ಬಗೆ. ಗಡಿ ಆದಷ್ಟು ಚಿಕ್ಕದಾಗಲು ನೋಡುತ್ತದೆ. ಸಾರಿನ ಮೇಲಿನ ಎಣ್ಣೆ ಹನಿ ನೋಡ್ರಿ. ಅದು ದುಂಡಗಿರುತ್ತದೆ. ಎರಡು ಹನಿ ತಾಗಿದರೆ ಒಂದಾಗುತ್ತವೆ.

ಸಾಬೂನಿನ ಕಣಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು. ನಾವು ಮರಾಠಿ, ಕನ್ನಡ ಎರಡೂ ಮಾತಾಡಿದಂಗ! ಅದು ಗಡಿಯಲ್ಲಿ ನಿಂತರೆ ಬಿಗಿತ ಸಡಿಲಾಗುತ್ತದೆ. ಆಗ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ಹರಡುತ್ತದೆ.

ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ ಸಾಕು. ಮೊದಲು ಸ್ವಲ್ಪ ಉಗುರುಬೆಚ್ಚನೆ ನೀರಿನಲ್ಲಿ ಸಾಬೂನು ಕರಗಿಸ್ರಿ. ಎಣ್ಣೆ ಹಾಕಿ ಚೆನ್ನಾಗಿ ಕಡೀರಿ. ಹಾಲಿನಂಗ ಬೆಳ್ಳಗಾದ ಮೇಲೆ ಉಳಿದ ನೀರು ಸೇರಿಸ್ರಿ. ಬೋರಿನ ನೀರು ಗಡಸಾಗಿದ್ದರೆ ಸಾಬೂನು ಒಡೆಯುತ್ತದೆ. ಅಂಥಲ್ಲಿ ಮಳೆ ನೀರು ಒಳ್ಳೇದು. ಕಲಸಿದ್ದನ್ನು ನಾಳೆಗೆ ಇಡಬ್ಯಾಡ್ರಿ, ಎಣ್ಣೆ ಮತ್ತೆ ಬೇರೆಯಾಗುತ್ತದೆ. ಮೊದಲು ನಾಲ್ಕು ಬಳ್ಳಿಗೆ, ಇಳಿಹೊತ್ತಿನಲ್ಲಿ ಹೊಡೆದು, ಎರಡು ದಿನ ಎಲೆ ನೋಡ್ರಿ.