ಕೌದಿಯೊಳಗೆ ಏನಿದೆ?

ಮಕ್ಕಳೇ, ಕೌದಿಗೆ ತನ್ನದೇ ಬಿಸಿ ಇದೆಯೇ? "ಇದೆ, ಹೊದ್ದರೆ ಬೆಚ್ಚಗಾಗುತ್ತದಲ್ಲ!" ಅನ್ನುತ್ತೀರಿ. ಹಾಗಾದರೆ ಎರಡು ಸ್ಟೀಲ್ ಡಬ್ಬಿಗಳಲ್ಲಿ ಒಂದೇ ಅಳತೆಯ ಐಸ್ ತುಂಡು ಹಾಕಿ ಮುಚ್ಚಿ. ಒಂದನ್ನು ಕೌದಿಯಲ್ಲಿ ಸುತ್ತಿಡಿ, ಇನ್ನೊಂದನ್ನು ಹಾಗೇ ಬಿಡಿ. ಅರ್ಧ ಗಂಟೆ ಬಿಟ್ಟು ತೆರೆದರೆ ಕೌದಿಯೊಳಗಿನ ಐಸೇ ಹೆಚ್ಚು ಉಳಿದಿರುತ್ತದೆ!

ಕೌದಿ ಬಿಸಿಯನ್ನು ಹುಟ್ಟಿಸುವುದಿಲ್ಲ, ದಾಟದಂತೆ ತಡೆಯುತ್ತದೆ, ಅಷ್ಟೇ. ಹೊರಗಿನ ಬಿಸಿ ಐಸಿನತ್ತ ಬರುವುದನ್ನೂ ತಡೆಯುತ್ತದೆ, ನಿಮ್ಮ ಮೈಯ ಬಿಸಿ ಹೊರಗೆ ಹೋಗುವುದನ್ನೂ ತಡೆಯುತ್ತದೆ. ಇದರಲ್ಲಿ ಬಟ್ಟೆಗಿಂತ ಹೆಚ್ಚಿನ ಕೆಲಸ ಗಾಳಿಯದು. ನೂಲಿನ ಎಳೆಗಳ ನಡುವೆ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಂತಿರುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಇವರು. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಒಂದು ಮೂಲೆಯಿಂದ ಜೋಡಿಸುತ್ತಾ ಅಂಚಿನುದ್ದಕ್ಕೂ ಹೊಲಿದು, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಪುಟ್ಟ 'ಫುಲ'. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದೇ ಅವರ ಲೆಕ್ಕ! ಎಳೆಗೂಸಿಗೆಂದು ಚಿಕ್ಕ ಕವಂದಿಗಳನ್ನೂ ಹೊಲಿಯುತ್ತಾರೆ.

ಆ ಸಾಲು ಸಾಲು ಹೊಲಿಗೆ ಬರೀ ಚೆಂದಕ್ಕಲ್ಲ. ಹೊಲಿಗೆ ಇಲ್ಲದಿದ್ದರೆ ಒಳಗಿನ ಬಟ್ಟೆ ಜರುಗಿ ಒಂದು ಮೂಲೆಗೆ ಸೇರುತ್ತಿತ್ತು. ಖಾಲಿಯಾದ ಕಡೆಯಿಂದ ಮೈಯ ಬಿಸಿ ಸೋರಿಹೋಗುತ್ತಿತ್ತು.

ಕೂಸಿಗೆ ಇಂಥ ಬೆಚ್ಚನೆಯ ಹೊದಿಕೆ ನಮಗಿಂತ ಹೆಚ್ಚು ಬೇಕು. ಮೈತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರದಕ್ಕಿಂತ 2 ಪಟ್ಟಿಗೂ ಜಾಸ್ತಿ. ಶಾಖ ಸೋರುವುದು ಚರ್ಮದಿಂದ ತಾನೇ? ಅದಕ್ಕೇ ಕೂಸು ಬೇಗ ತಣ್ಣಗಾಗುತ್ತದೆ. ಇನ್ನು ಹಳೇ ಬಟ್ಟೆಯೇ ಏಕೆ? ಹೊಸ ಹತ್ತಿ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಒರಟಾಗಿರುತ್ತದೆ. ನೂರಾರು ಸಲ ಒಗೆದ ಸೀರೆಯಲ್ಲಿ ಗಂಜಿ ಹೋಗಿ, ಎಳೆ ಸಡಿಲಾಗಿ ಮೆತ್ತಗಾಗಿರುತ್ತದೆ. ಅಜ್ಜಿಯ ಸೀರೆ ಅನ್ನುವ ಅಕ್ಕರೆ ಬೇರೆ!

ಆದರೆ ಕೂಸು ಉಚ್ಚೆ ಹೊಯ್ದರೆ ಮಾತ್ರ ಕೌದಿಯ ಆಟ ನಡೆಯುವುದಿಲ್ಲ. ಗಾಳಿಯಿದ್ದ ಜಾಗಕ್ಕೆ ನೀರು ನುಗ್ಗುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಅಳು ಕೇಳಿದೊಡನೆ ಅಮ್ಮ ಅದನ್ನು ತೆಗೆದು ಬೇರೆಯದು ಹೊದಿಸುತ್ತಾಳೆ. ಒಗೆದು ಬಿಸಿಲಿಗೆ ಹಾಕಿದರೆ ನೀರು ಆವಿಯಾಗಿ, ಅದರ ಜಾಗಕ್ಕೆ ಮತ್ತೆ ಗಾಳಿ ಬಂದು ಸೇರುತ್ತದೆ.