ಕಡಲಿಗೂ ಎಲ್ಲೆಯುಂಟೆ?

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾಸರಗೋಡಿನ ಮಕ್ಕಳಿಗೆ ಗಡಿಯೆಂಬುದನ್ನು ವಿವರಿಸಬೇಕಾದುದಿಲ್ಲ. 1956ರಲ್ಲಿ ಎಳೆದ ಗೆರೆಯ ಕತೆಯನ್ನು ಅವರು ಮನೆಯ ಜಗಲಿಯಲ್ಲಿಯೇ ಕೇಳಿ ಬೆಳೆದವರು. ಆದರೆ ಈ ವರ್ಷ ಭೂಗೋಳದ ತರಗತಿಯಲ್ಲಿ ಬೆಸ್ತರ ಮನೆಯ ಹುಡುಗನೊಬ್ಬನು, "ಸಾರ್, ಕಡಲಿಗೂ ಗಡಿಯುಂಟೆ? ಅಲ್ಲಿ ಕಲ್ಲು ನೆಡುವವರು ಯಾರು?" ಎಂದು ಕೇಳಿದನು. ಅವನಿಗೆ ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಇಂದು ತಮ್ಮ ಮುಂದಿಡುತ್ತೇನೆ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆಯಂತೆ, ತೀರದಿಂದ 12 ನಾಟಿಕಲ್ ಮೈಲುಗಳವರೆಗಿನ ನೀರು ಆಯಾ ದೇಶದ ಒಡೆತನಕ್ಕೆ ಸೇರಿದುದು. ಅದರಾಚೆ 200 ನಾಟಿಕಲ್ ಮೈಲುಗಳವರೆಗೆ, ಎಂದರೆ ತೀರದಿಂದ ಸುಮಾರು 370 ಕಿಲೋಮೀಟರುಗಳವರೆಗೆ, ಅನನ್ಯ ಆರ್ಥಿಕ ವಲಯವೆನಿಸುತ್ತದೆ. ಅಲ್ಲಿನ ಮೀನು, ಎಣ್ಣೆ, ಅನಿಲಗಳ ಮೇಲೆ ಆ ದೇಶಕ್ಕೆ ಹಕ್ಕುಂಟು. ಅನ್ಯರ ಹಡಗುಗಳು ಹಾದುಹೋಗುವುದನ್ನು ತಡೆಯುವ ಅಧಿಕಾರವಿಲ್ಲ. ನೆರೆಯ ದೇಶಗಳ ವಲಯಗಳು ಒಂದರ ಮೇಲೊಂದು ಬಿದ್ದಾಗಲೇ ವ್ಯಾಜ್ಯವು ಹುಟ್ಟುವುದು.

ಬಂಗಾಳ ಕೊಲ್ಲಿಯಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ಇಂತಹ ವ್ಯಾಜ್ಯವಿದ್ದಿತು. 1947ರಲ್ಲಿ ರಾಡ್‌ಕ್ಲಿಫ್ ಎಳೆದ ಗಡಿಯು ಸುಂದರಬನದ ಹರಿಯಾಭಂಗಾ ನದಿಯ ಮುಖದಲ್ಲಿ ಕಡಲನ್ನು ಸೇರುತ್ತದೆ. 1970ರ ಚಂಡಮಾರುತದ ಬಳಿಕ ಅಲ್ಲಿ ಮರಳಿನ ದಿಬ್ಬವೊಂದು ತಲೆಯೆತ್ತಿತು. ನಾವು ಅದನ್ನು ನ್ಯೂಮೂರ್ ಎಂದೆವು, ಅವರು ದಕ್ಷಿಣ ತಾಲಪಟ್ಟಿ ಎಂದರು, ಇಬ್ಬರೂ ತಮ್ಮದೆಂದರು. 2010ರಲ್ಲಿ ಜಾದವಪುರ ವಿಶ್ವವಿದ್ಯಾನಿಲಯದ ವಿದ್ವಾಂಸರು ಆ ದಿಬ್ಬವು ಮುಳುಗಿಹೋಯಿತೆಂದು ತಿಳಿಸಿದರು. ನೆಲವು ಹೋಯಿತು, ಜಗಳವು ಉಳಿಯಿತು!

ಅಷ್ಟರಲ್ಲಿ, 2009ರಲ್ಲಿಯೇ, ಬಾಂಗ್ಲಾದೇಶವು ಒಡಂಬಡಿಕೆಯಂತೆ ಮಧ್ಯಸ್ಥ ನ್ಯಾಯಮಂಡಲಿಯ ಮೊರೆಹೊಕ್ಕಿದ್ದಿತು. ಎರಡು ತೀರಗಳಿಂದಲೂ ಸಮದೂರದಲ್ಲಿ ಗೆರೆಯೆಳೆಯಬೇಕೆಂಬುದು ಭಾರತದ ವಾದ. ತನ್ನ ತೀರವು ಒಳಕ್ಕೆ ಬಾಗಿರುವುದರಿಂದ ಅಂತಹ ಗೆರೆಯು ತನ್ನನ್ನು ಮೂಲೆಗೊತ್ತುವುದೆಂಬುದು ಬಾಂಗ್ಲಾದೇಶದ ವಾದ. 2014ನೆಯ ಜುಲೈ 7ರಂದು ಐವರು ಪಂಚರ ತೀರ್ಪು ಹೊರಬಿದ್ದಿತು. ಅವರು ಸಮದೂರದ ಗೆರೆಯಿಂದ ಆರಂಭಿಸಿ, ಬಾಗಿದ ತೀರಕ್ಕೆ ಅನ್ಯಾಯವಾಗದಂತೆ ಅದನ್ನು ತಿದ್ದಿದರು. ವ್ಯಾಜ್ಯದಲ್ಲಿದ್ದ ಸುಮಾರು 25,600 ಚದರ ಕಿಲೋಮೀಟರುಗಳಲ್ಲಿ ಸುಮಾರು 19,500 ಬಾಂಗ್ಲಾದೇಶದ ಪಾಲಿಗೆ ಹೋಯಿತು. ಮುಳುಗಿದ ದಿಬ್ಬದ ತಾಣವು ನಮ್ಮ ಕಡೆಗೆ ಬಂದಿತು. ಮಂಡಲಿಯಲ್ಲಿದ್ದ ಭಾರತೀಯ ಸದಸ್ಯರು ಕೆಲವು ಅಂಶಗಳಲ್ಲಿ ಭಿನ್ನಮತವನ್ನು ಬರೆದರು. ಆದರೂ ಭಾರತವು ತೀರ್ಪನ್ನು ಒಪ್ಪಿಕೊಂಡಿತು.

ಮಿತ್ರರೇ, ವಿಸ್ತಾರದಲ್ಲಿಯೂ ಬಲದಲ್ಲಿಯೂ ಹಿರಿದಾದ ದೇಶವು ಕಿರಿಯ ನೆರೆಯವನೊಡನೆ ಸಮಸಮನಾಗಿ ನ್ಯಾಯಪೀಠದ ಮುಂದೆ ನಿಂತು, ಹೆಚ್ಚಿನ ಪಾಲನ್ನು ಬಿಟ್ಟುಕೊಟ್ಟಿತು. ಇದನ್ನು ಸೋಲೆಂದು ನಾನು ಬಗೆಯಲಾರೆ. ನೆರೆಹೊರೆಯ ಜಗಳವನ್ನು ತೋಳ್ಬಲಕ್ಕೆ ಬಿಡದೆ ಪಂಚರ ಮುಂದಿಡುವುದು ನಮ್ಮ ಹಳ್ಳಿಗರಿಗೆ ಹಳೆಯ ಪದ್ಧತಿ. ರಾಷ್ಟ್ರಗಳು ಅದನ್ನು ಈಗ ಕಲಿಯುತ್ತಿವೆ.

ಆದರೆ ತೀರ್ಪಿನೊಡನೆ ಎಲ್ಲವೂ ಮುಗಿಯಿತೆನ್ನಲಾಗದು. ಗೆರೆಯ ಬಳಿ ಒಂದು ತುಂಡು ಕಡಲಿದೆ. ಅದರ ತಳವು ಬಾಂಗ್ಲಾದೇಶದ ಪಾಲು, ಮೇಲಿನ ನೀರು ಭಾರತದ ಪಾಲು. ಅಲ್ಲಿ ಪರಸ್ಪರ ವಿಶ್ವಾಸವಿಲ್ಲದೆ ಯಾವ ಹಕ್ಕೂ ನಡೆಯದು. ಬಲೆ ಬೀಸುವವನ ಕಣ್ಣಿಗಂತೂ ನೀರಿನ ಗೆರೆ ಕಾಣಿಸದು; ಗಾಳಿ ತಳ್ಳಿದತ್ತ ದೋಣಿ ಹೋದರೆ ಅವನು ಪರದೇಶದ ಸೆರೆಯಾಳಾಗುತ್ತಾನೆ. ಗೆರೆಯನ್ನು ಒಪ್ಪಿಕೊಂಡ ಬಳಿಕ, ಅದರ ಅಂಚಿನಲ್ಲಿ ಬಾಳುವವರನ್ನು ಕರುಣೆಯಿಂದ ಕಾಣುವ ಹೊಣೆಯು ಎರಡೂ ಕಡೆಯವರ ಮೇಲಿದೆ. ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತಿನ ತೂಕ ಗೊತ್ತು.

ಆ ಹುಡುಗನಿಗೆ ನಾನು ಹೇಳಿದುದಿಷ್ಟೆ: ಮಗು, ಕಡಲಿನಲ್ಲಿ ಕಲ್ಲು ನೆಡಲು ಬಾರದು, ಅಲ್ಲಿ ಕೊಟ್ಟ ಮಾತೇ ಗಡಿಕಲ್ಲು.