ಪಿಎಚ್.ಡಿ. ಆದ ಮೇಲೆ ಮುಂದೇನು?



ಪಿಎಚ್.ಡಿ. ಪದವಿ ಬಂದೊಡನೆ ವಿಜ್ಞಾನಿಯ ಕಾಯಂ ಹುದ್ದೆ ಸಿಗುವುದು ಅಪರೂಪ. ನಡುವೆ ಕೆಲವು ವರ್ಷ ಬೇರೊಂದು ಪ್ರಯೋಗಾಲಯದಲ್ಲಿ ತಾತ್ಕಾಲಿಕವಾಗಿ ದುಡಿಯಬೇಕಾಗುತ್ತದೆ. ಇದನ್ನೇ ಪೋಸ್ಟ್ ಡಾಕ್ಟರಲ್ ಸಂಶೋಧನೆ ಎನ್ನುತ್ತಾರೆ. ಆ ಅವಕಾಶವನ್ನು ಹುಡುಕುವುದು ಹೇಗೆ?

ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ 1976ರಲ್ಲಿ ಅಮೆರಿಕದಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಪಡೆದು, ಜೀವವಿಜ್ಞಾನದತ್ತ ಹೊರಳಿದರು. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್ ಕುರಿತ ಲೇಖನವೊಂದನ್ನು ಓದಿ, ಅದನ್ನು ಬರೆದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗೆ ಪತ್ರ ಬರೆದರು. 1978ರಲ್ಲಿ ಅಲ್ಲಿಯೇ ಪೀಟರ್ ಮೂರ್ ಅವರ ಪ್ರಯೋಗಾಲಯ ಸೇರಿದರು. ಬಳಿಕ ಅಧ್ಯಾಪಕ ಹುದ್ದೆಗಾಗಿ ಸುಮಾರು 50 ಅರ್ಜಿ ಹಾಕಿದರೂ ಫಲ ಸಿಗಲಿಲ್ಲ. ಅವರು ಧೃತಿಗೆಡಲಿಲ್ಲ. 2009ರಲ್ಲಿ ರೈಬೋಸೋಮ್ ಸಂಶೋಧನೆಗಾಗಿಯೇ ನೊಬೆಲ್ ಬಹುಮಾನ ಹಂಚಿಕೊಂಡರು.

ಜಾಹೀರಾತಿಗೆ ಕಾದು ಕೂರಬೇಡಿ. ಮಹಾಪ್ರಬಂಧ ಮುಗಿಯುವ ಒಂದು ವರ್ಷ ಮೊದಲೇ ಹುಡುಕಾಟ ಆರಂಭವಾಗಲಿ. ಯಾವ ಲೇಖನ ಓದಿದಿರಿ, ಯಾವ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವಿರಿ, ಯಾವ ಕೌಶಲ ತರುವಿರಿ ಎಂಬುದು ಪತ್ರದಲ್ಲಿರಲಿ. ಒಂದೇ ಒಕ್ಕಣೆಯನ್ನು ನೂರು ಜನರಿಗೆ ಕಳಿಸಿದರೆ ಉತ್ತರ ಬರುವುದು ಕಷ್ಟ. ಫೆಲೋಷಿಪ್‌ಗಳ ನಿಯಮಗಳನ್ನೂ ನೋಡಿ: ಕೆಲವು ವಯಸ್ಸನ್ನು, ಕೆಲವು ಪದವಿಯ ನಂತರ ಕಳೆದ ವರ್ಷಗಳನ್ನು ಎಣಿಸುತ್ತವೆ.

ಇನ್ನೂ ಕಾಲೇಜಿನಲ್ಲಿರುವವರು ಇಂದೇ ಒಂದು ಅಭ್ಯಾಸ ಮಾಡಿಕೊಳ್ಳಿ. ಪಾಠದಲ್ಲಿ ಓದಿದ್ದನ್ನು ಕಂಡುಹಿಡಿದವರು ಯಾರು, ಎಲ್ಲಿ ಎಂದು ಕೇಳಿ. ಮುಂದೆ ಯಾರಿಗೆ ಪತ್ರ ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ.